ಹದಿನೈದು ಮಾರು ಹಗ್ಗ

ನಮ್ಮಮ್ಮನ ಮೊಳಕ್ಕೆ ಹಲಸೂರಿನಲ್ಲಿ ದೊಡ್ಡ ಹೆಸರಿದೆ. ಒಳ್ಳೆಯ ಹೆಸರೇನಲ್ಲ. ದೇವಸ್ಥಾನದ ಬೀದಿಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ಹೂ ಮಾರುತ್ತಿದ್ದಾಳೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ, ಎರಡೂ ಕೈ ಅಗಲಿಸಿ ಚಾಚಿದರೆ ಒಂದು ಮಾರು. ಬೇರೆ ಹೂವಿನವರು ಅಳತೆ ಮುಗಿದ ಮೇಲೆ ನಾಲ್ಕು ಬೆರಳಿನಷ್ಟು ಕೊಸರು ಬಿಟ್ಟು ಕತ್ತರಿಸುತ್ತಾರೆ. ಅಮ್ಮ ಬಿಡುವುದಿಲ್ಲ. ಯಾರಾದರೂ "ಸ್ವಲ್ಪ ಕೊಸರು ಹಾಕಮ್ಮಾ" ಎಂದು ಕೇಳಿದರೆ, "ನನ್ ಕೈ ಇರೋದೇ ಇಷ್ಟುದ್ದ ಕಣವ್ವಾ" ಅನ್ನುತ್ತಾಳೆ. ನನಗೂ ತಂಗಿಗೂ ಹಬ್ಬದ ದಿನ ಜಡೆಗೆ ಮುಡಿಸುವಾಗಲೂ ಅಳೆದೇ ಕತ್ತರಿಸುತ್ತಿದ್ದಳು. ಸ್ವಂತ ಮಕ್ಕಳಿಗೂ ಹೀಗಾ ಎಂದು ಪಕ್ಕದ ಮನೆಯವರು ನಗುತ್ತಿದ್ದರು.

ಅಪ್ಪ ಹಲಸೂರು ಕೆರೆಯಲ್ಲಿ ದೋಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಸಂಜೆ ಜನ ಮನೆಗೆ ಹೋದ ಮೇಲೆ ಒಂದೊಂದು ದೋಣಿಯನ್ನೂ ದಡದ ಕಂಬಕ್ಕೆ ಕಟ್ಟುತ್ತಿದ್ದರು. ಕಂಬಕ್ಕೆ ಎರಡು ಸುತ್ತು, ಅಡಿಯಿಂದ ಒಂದು ಸುತ್ತು, ಆಮೇಲೆ ಕಾಲು ಕೊಟ್ಟು ಒಂದು ಎಳೆತ. ದೋಣಿಗೂ ಕಂಬಕ್ಕೂ ನಡುವೆ ಒಂದು ಗೇಣು ಹಗ್ಗವೂ ಉಳಿಯಬಾರದು. ಸಡಿಲ ಬಿಟ್ಟರೆ ದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬಣ್ಣ ಕಿತ್ತುಹೋಗುತ್ತಿತ್ತು, ಬೆಳಿಗ್ಗೆ ಮೇಲಿನವರು ಅಪ್ಪನ ಮೇಲೆ ಕೂಗಾಡುತ್ತಿದ್ದರು. ಕೆರೆಯ ನೀರು ಬೆಳಿಗ್ಗೆ ಎಷ್ಟಿತ್ತೋ ಸಂಜೆಗೂ ಅಷ್ಟೇ ಇರುವುದರಿಂದ ಗಿಡ್ಡ ಹಗ್ಗದಿಂದ ತೊಂದರೆಯೇನೂ ಇರಲಿಲ್ಲ.

ಮರ್ಫಿ ಟೌನಿನ ಮನೆಯಿಂದ ಅಪ್ಪನಿಗೆ ಊಟದ ಕ್ಯಾರಿಯರ್ ಒಯ್ಯುತ್ತಿದ್ದ ನಾವಿಬ್ಬರೂ ಆ ಗಂಟನ್ನು ಕಲಿತಿದ್ದೆವು. ನಾನು ಕಟ್ಟಿದ್ದನ್ನು ಅಪ್ಪ ಒಮ್ಮೆ ಜಗ್ಗಿ ನೋಡಿ ಹಾಗೇ ಬಿಡುತ್ತಿದ್ದರು. ತಂಗಿ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನನಗೆ ಇವತ್ತಿಗೂ ಅದೊಂದು ಹೆಮ್ಮೆ. ತಂಗಿಗೆ ಗಂಟಿನ ಮೇಲೆ ಗಮನವೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಕೆರೆಯ ಆಚೆ ಬದಿಯಲ್ಲಿ ಸೇನೆಯವರು ಓಡಿಸುತ್ತಿದ್ದ ಬಿಳಿ ಹಾಯಿಯ ದೋಣಿಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಲ್ಲುತ್ತಿದ್ದಳು.

ಅಪ್ಪ ಹೋದಾಗ ತಂಗಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಅಲ್ಲಿಂದ ಮುಂದೆ ಅವಳ ಯಜಮಾನಿಕೆಯನ್ನು ನಾನೇ ವಹಿಸಿಕೊಂಡೆ. ಯಾರೂ ಕೊಡಲಿಲ್ಲ, ನಾನೇ ತಗೊಂಡೆ. ನರ್ಸಿಂಗ್ ಓದಿಸಿದ್ದು ನಾನು, ಯಾವ ಬಸ್ ಹತ್ತಬೇಕು, ಯಾವ ಗೆಳತಿಯ ಜೊತೆ ಓಡಾಡಬಾರದು ಎಂದು ಹೇಳುತ್ತಿದ್ದದ್ದೂ ನಾನು. ಇಂದಿರಾನಗರದ ಹಳೇ ಬಂಗಲೆಯೊಂದರಲ್ಲಿರುವ ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ರಿಸೆಪ್ಷನಿಸ್ಟ್. ಹಲ್ಲುನೋವಿನವರನ್ನು ಸಾಲಾಗಿ ಕೂರಿಸಿ ಸುಮ್ಮನಿರಿಸಿ ಅಭ್ಯಾಸವಾಗಿ, ಮನೆಯಲ್ಲೂ ಅದೇ ದನಿ ಬಂದುಬಿಟ್ಟಿದೆ. ಆದರೂ ಒಂದು ವಿಷಯ ನನ್ನ ಕಣ್ಣು ತಪ್ಪಿಸಿತು. ಡ್ಯೂಟಿ ಮುಗಿಸಿ ತಂಗಿ ದಿನಾ ಟಿನ್ ಫ್ಯಾಕ್ಟರಿ ಬಸ್ ಹತ್ತಿ ಹೋಗುತ್ತಿದ್ದದ್ದು ಗೆಳತಿಯ ಮನೆಗಲ್ಲ, ಜರ್ಮನ್ ಕಲಿಸುವ ಕ್ಲಾಸಿಗೆ. ಪರೀಕ್ಷೆ ಪಾಸಾದ ಮೇಲೆಯೇ ಬಾಯಿ ಬಿಟ್ಟಳು. ಜರ್ಮನಿಯ ಉತ್ತರದ ತುದಿಯ ಸಮುದ್ರದ ಊರೊಂದರಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮೂರು ವರ್ಷ ಅಂದಳು. ನಾನು ಒಂದು ವಾರ ಅವಳ ಜೊತೆ ಮಾತಾಡಲಿಲ್ಲ, ಆಮೇಲೆ ಅವಳ ಸೂಟ್‌ಕೇಸನ್ನು ನಾನೇ ತುಂಬಿದೆ.

ಮೂರು ವರ್ಷ ಮುಗಿಯುತ್ತಾ ಬಂದಾಗ ಒಂದು ಸಂಜೆ ಫೋನಿನಲ್ಲಿ ಹೇಳಿದಳು. ಆಶ್ರಮದವರು ಅವಳನ್ನು ಒಂದು ವಿಭಾಗದ ಮುಖ್ಯ ನರ್ಸ್ ಮಾಡುತ್ತಾರಂತೆ, ಖಾಯಂ ಆಗಿ ಉಳಿಯುತ್ತೀಯಾ ಎಂದು ಕೇಳಿದ್ದಾರಂತೆ. ಅಮ್ಮ ಪೋಣಿಸುತ್ತಿದ್ದ ಸೇವಂತಿಗೆಯನ್ನು ಕೆಳಗಿಟ್ಟಳು.

"ನೀನು ಹೋಗು," ಅಂದಳು ನನಗೆ. "ಹೋಗಿ ಕರ್ಕೊಂಡು ಬಾ. ಫೋನಲ್ಲಿ ಹೇಳಿದ್ರೆ ಅವಳು ಕೇಳಲ್ಲ. ನೀನು ಎದುರಿಗೆ ನಿಂತ್ರೆ ಕೇಳ್ತಾಳೆ."

ಅದು ನಿಜವಾಗಿತ್ತು. ನಾನು ಎದುರಿಗೆ ನಿಂತು ಹೇಳಿದ್ದನ್ನು ತಂಗಿ ಯಾವತ್ತೂ ಮೀರಿದವಳಲ್ಲ. ಕ್ಲಿನಿಕ್ಕಿಗೆ ಬರುವ ಡಾಕ್ಟರೊಬ್ಬರನ್ನು ಹಿಡಿದು, ನಮ್ಮ ಮನೆಗೆ ಹತ್ತು ನಿಮಿಷದ ದಾರಿಯ ಆಸ್ಪತ್ರೆಯಲ್ಲಿ ಅವಳಿಗೆ ಒಂದು ಕೆಲಸ ನೋಡಿದೆ. ಅರ್ಜಿಯನ್ನು ನಾನೇ ಪೂರ್ತಿ ತುಂಬಿದೆ. ಸಹಿ ಒಂದು ಬಾಕಿ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೈಚೀಲದ ತಳದಲ್ಲಿ ಜೋಪಾನ ಮಾಡಿ, ಕಳೆದ ವರ್ಷದ ಜೂನ್ ತಿಂಗಳಲ್ಲಿ ವಿಮಾನ ಹತ್ತಿದೆ.

ತಂಗಿ ಸ್ಟೇಷನ್ನಿಗೆ ಬಂದಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು, ತೋಳುಗಳು ಗಟ್ಟಿಯಾಗಿದ್ದವು, ಮುಖ ಬಿಸಿಲಿಗೆ ಇನ್ನಷ್ಟು ಕಪ್ಪಾಗಿತ್ತು. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡು ಅತ್ತುಬಿಟ್ಟಳು. ಇವಳಿಗೆ ಮನೆಯ ನೆನಪು ಕಾಡುತ್ತಿದೆ, ನನ್ನ ಕೆಲಸ ಸುಲಭ ಎಂದುಕೊಂಡೆ.

ಅವಳ ಅಡುಗೆಮನೆಯ ಗೋಡೆಯ ಮೇಲೆ ದಿನದ ಲೆಕ್ಕದಲ್ಲಿ ಗಂಟೆಗಳನ್ನು ಬರೆದ ಒಂದು ಪಟ್ಟಿ ಅಂಟಿಸಿತ್ತು. ಏನಿದು ಎಂದು ಕೇಳಿದೆ.

"ನೀರು ಬರೋ ಟೈಮು," ಅಂದಳು.

"ಇಲ್ಲೂ ದಿನ ಬಿಟ್ಟು ದಿನ ಬಿಡ್ತಾರಾ?" ಎಂದೆ. ತಂಗಿ ನೆಲದ ಮೇಲೆ ಕೂತು ನಕ್ಕಳು. ಅದು ನಲ್ಲಿಯ ನೀರಲ್ಲ, ಸಮುದ್ರದ ನೀರು. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರ ದಡದವರೆಗೆ ಬರುತ್ತದೆ, ಎರಡು ಸಲ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಹೋದಾಗ ಬರೀ ಮರಳು, ಕೆಸರು. ಉಬ್ಬರ ಇಳಿತ ಎಂದು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚಿತ್ರವನ್ನೂ ಬರೆದಿದ್ದೆ. ಆದರೆ ಜನ ಗೋಡೆಯ ಪಟ್ಟಿ ನೋಡಿ ದಿನದ ಕೆಲಸ ಹೊಂದಿಸಿಕೊಳ್ಳುತ್ತಾರೆ ಎಂದಾಗ ಮಾತ್ರ ಅರ್ಥವಾಯಿತು. ನಮ್ಮ ವಠಾರದಲ್ಲೂ ಹಾಗೆಯೇ. ಮೇಲಿನ ಮನೆಗಳ ರಾಯಚೂರು ಕಡೆಯ ಹೆಂಗಸರೂ ನಾವೂ ನೀರು ಬಿಡುವ ಗಂಟೆ ನೋಡಿಕೊಂಡೇ ಏಳುತ್ತೇವೆ, ಒಗೆಯುತ್ತೇವೆ, ಜಗಳವಾಡುತ್ತೇವೆ.

ಮಾರನೆಯ ದಿನ ಶನಿವಾರ. ಆಶ್ರಮದವರಿಗೆ ಸೋಮವಾರ ಉತ್ತರ ಹೇಳಬೇಕಿತ್ತು. ಎರಡು ದಿನದಲ್ಲಿ ಸಹಿ ಹಾಕಿಸುತ್ತೇನೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದರೆ, ತಂಗಿ ಬೆಳಗಿನ ಜಾವವೇ ಎಬ್ಬಿಸಿ ದಪ್ಪ ಜಾಕೆಟ್ ತೊಡಿಸಿ ಬಂದರಿಗೆ ಎಳೆದುಕೊಂಡು ಹೋದಳು. ಅವಳ ಆಶ್ರಮದಲ್ಲಿ ಮುಖ್ಯ ನರ್ಸ್ ಆಗಿದ್ದು ನಿವೃತ್ತರಾದ ಒಬ್ಬರು ಅಲ್ಲಿ ಕಾಯುತ್ತಿದ್ದರು. ಅವರಿಗೊಂದು ಹಳೆಯ ಹಾಯಿದೋಣಿ ಇತ್ತು. ಅವರ ಹೆಸರು ನನ್ನ ನಾಲಿಗೆಗೆ ಹೊರಳದ್ದರಿಂದ ಮನಸ್ಸಿನಲ್ಲೇ ದೋಣಿಯಮ್ಮ ಎಂದು ಕರೆದುಕೊಂಡೆ. ಎರಡು ಬೇಸಿಗೆಯಿಂದ ತಂಗಿಗೆ ದೋಣಿ ನಡೆಸುವುದನ್ನು ಕಲಿಸುತ್ತಿದ್ದವರು ಅವರೇ. ಇದನ್ನೂ ತಂಗಿ ನಮಗೆ ಹೇಳಿರಲಿಲ್ಲ.

ಎದುರಿಗೆ ಕಾಣುವ ಫ್ರೀಸಿಯನ್ ದ್ವೀಪಕ್ಕೆ ಹೋಗಿ ಲಂಗರು ಹಾಕಿ, ಒಂದು ರಾತ್ರಿ ಇದ್ದು ಬರುವುದು ಎಂದು ತೀರ್ಮಾನವಾಗಿತ್ತು. ದಾರಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ, ಬಹುಪಾಲು ಸಮಯ ನನ್ನ ತಲೆ ಬಕೆಟ್ಟಿನೊಳಗಿತ್ತು. ಹಲಸೂರು ಕೆರೆಯ ದೋಣಿಯವನ ಮಗಳು ವಾಂತಿ ಮಾಡುವುದನ್ನು ಅಪ್ಪ ನೋಡಿದ್ದರೆ ಎಷ್ಟು ನಾಚಿಕೊಳ್ಳುತ್ತಿದ್ದರೋ. ನಡುನಡುವೆ ತಲೆ ಎತ್ತಿದಾಗ ತಂಗಿ ಹಗ್ಗ ಎಳೆಯುವುದು, ಹಾಯಿ ತಿರುಗಿಸುವುದು, ದೋಣಿಯಮ್ಮನ ಒಂದೊಂದು ಮಾತಿಗೂ ತಲೆಯಾಡಿಸುವುದು ಕಾಣುತ್ತಿತ್ತು. ದ್ವೀಪ ಹತ್ತಿರವಾದಾಗ ಹಾಯಿ ಇಳಿಸಿ ಗಾಳಿಗೆ ಮುಖಮಾಡಿ ನಿಂತರು. ತಂಗಿ ದೋಣಿಯ ಮುಂತುದಿಗೆ, ಮೂತಿಯ ಕಡೆ ಹೋಗಿ ಲಂಗರನ್ನು ನೀರಿಗಿಳಿಸಿದಳು. ಆಮೇಲೆ ಮಾಡಿದ್ದನ್ನು ನೋಡಿ ನನ್ನ ವಾಂತಿ ನಿಂತಿತು. ಎರಡೂ ಕೈ ಅಗಲಿಸಿ ಹಗ್ಗವನ್ನು ಎದೆಯ ಅಡ್ಡಕ್ಕೆ ಚಾಚಿ, ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸುತ್ತಾ ಬಿಡುತ್ತಿದ್ದಳು. ಥೇಟ್ ಅಮ್ಮನ ಹಾಗೆ, ತುದಿಯಲ್ಲಿ ಬೆರಳು ಬಿಗಿಹಿಡಿಯುವ ರೀತಿ ಕೂಡ ಅದೇ.

"ಹದಿನೈದು ಮಾರು," ಎಂದು ಕೂಗಿ ಹೇಳಿದಳು. ಹಿಂದೆ ಕೂತಿದ್ದ ದೋಣಿಯಮ್ಮ "ಮಾರು" ಎಂದು ತಾವೂ ಹೇಳಿ ಹೆಬ್ಬೆರಳು ತೋರಿಸಿದರು. ಹದಿನೈದು ಯಾಕೆ, ಐದು ಸಾಲದೇ ಎಂದು ನನಗೆ ಅನ್ನಿಸಿತು. ತಂಗಿ ಏನೋ ವಿವರಿಸಲು ಬಂದಳು. ನಾನು "ಆಯ್ತು ಆಯ್ತು, ಮೊದ್ಲು ನೀರು ಕೊಡು" ಅಂದೆ.

ಮಧ್ಯಾಹ್ನದ ಹೊತ್ತಿಗೆ ಸಮುದ್ರ ಹೊರಟುಹೋಯಿತು. ಸದ್ದಿಲ್ಲದೆ, ಯಾರಿಗೂ ಹೇಳದೆ ಹೋಯಿತು. ದೋಣಿ ಒಮ್ಮೆ ಮೆಲ್ಲಗೆ ಅಲುಗಿ ಮರಳಿನ ಮೇಲೆ ಕೂತುಬಿಟ್ಟಿತು. ಅಡಿಯಲ್ಲಿ ಎರಡು ಗಟ್ಟಿ ಪಟ್ಟಿಗಳಿದ್ದದ್ದರಿಂದ ವಾಲಲಿಲ್ಲ. ಏಣಿ ಇಳಿದು ಕಾಲಿಟ್ಟರೆ, ಬೆಳಿಗ್ಗೆ ನಾವು ತೇಲಿಕೊಂಡು ಬಂದ ಜಾಗದಲ್ಲಿ ಪಾದ ಕೂಡ ಸರಿಯಾಗಿ ಒದ್ದೆಯಾಗುತ್ತಿರಲಿಲ್ಲ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಸೀರೆಯಲ್ಲಿದ್ದಿದ್ದರೆ ನೆರಿಗೆ ಎತ್ತಿ ಸಿಕ್ಕಿಸಿ ಓಡಾಡುತ್ತಿದ್ದೆ.

ದೋಣಿಯಮ್ಮನಿಗೆ ದ್ವೀಪದಲ್ಲಿ ಒಬ್ಬ ಗೆಳತಿಯಿದ್ದರು. ಆ ರಾತ್ರಿ ಅವರ ಮನೆಯಲ್ಲಿದ್ದು, ಮಾರನೆಯ ದಿನ ಮತ್ತೆ ನೀರು ಇಳಿದಾಗ ನಡೆದು ಬರುವುದಾಗಿ ಹೇಳಿದರು. ಹೊರಡುವ ಮುನ್ನ ತಂಗಿಯ ಎರಡೂ ಭುಜ ಹಿಡಿದು ಏನೋ ಅಂದರು. ತಂಗಿಯ ಮುಖ ಕೆಂಪಾಯಿತು.

"ಏನಂತೆ?" ಎಂದೆ.

"ಇವತ್ತು ದೋಣಿ ನಿಂದೇ ಜವಾಬ್ದಾರಿ ಅಂದ್ರು. ಇದೇ ಫಸ್ಟು ಟೈಮು ಒಬ್ಳಿಗೇ ಬಿಡ್ತಿರೋದು."

ದ್ವೀಪಕ್ಕೂ ದೋಣಿಗೂ ನಡುವೆ, ಮರಳಿನಲ್ಲಿ ನೀರು ಉಳಿದಿದ್ದ ಒಂದು ಕಾಲುವೆ ದಾಟಬೇಕಿದ್ದರಿಂದ ತಂಗಿ ಅವರನ್ನು ದಾಟಿಸಿ ಬರಲು ಜೊತೆಗೆ ಹೋದಳು. ದೋಣಿಯಲ್ಲಿ ನಾನೊಬ್ಬಳೇ ಉಳಿದೆ. ನನಗೆ ಸುಮ್ಮನೆ ಕೂರಲು ಬರುವುದಿಲ್ಲ, ಅದೇ ನನ್ನ ಕೇಡು. ಪಾತ್ರೆ ತೊಳೆದೆ, ಹೊದಿಕೆ ಮಡಿಚಿದೆ, ಒಲೆ ಒರೆಸಿದೆ. ಕೆಳಗಿಳಿದು ನೋಡಿದರೆ ಲಂಗರಿನ ಹಗ್ಗ ಮರಳಿನ ಮೇಲೆ ಸೊಟ್ಟಂಬಟ್ಟ ಬಿದ್ದುಕೊಂಡಿದೆ, ಹದಿನೈದು ಮಾರು ಪೂರ್ತಿ. ಇಷ್ಟು ಸಡಿಲ ಬಿಟ್ಟು ಹೋಗಿದ್ದಾಳಲ್ಲ, ಚಿಕ್ಕಂದಿನ ಚಾಳಿ ಇನ್ನೂ ಬಿಟ್ಟಿಲ್ಲ ಅಂದುಕೊಂಡೆ. ದೋಣಿಯಮ್ಮ ಮೊದಲ ಸಲ ನಂಬಿ ಬಿಟ್ಟುಹೋಗಿದ್ದಾರೆ, ಅಕ್ಕನಾಗಿ ನಾನು ಸರಿಮಾಡದಿದ್ದರೆ ಹೇಗೆ? ಮರಳಿನಿಂದ ಲಂಗರನ್ನು ಕಿತ್ತು, ಉಸಿರು ಬಿಡುತ್ತಾ ದೋಣಿಯ ಮೂತಿಯ ಹತ್ತಿರಕ್ಕೆ ಹೊತ್ತು ತಂದೆ. ಕಾಲಿನಿಂದ ಒತ್ತಿ ಹೂತೆ. ಹಗ್ಗವನ್ನೆಲ್ಲ ಮೇಲಕ್ಕೆಳೆದು ಸುತ್ತಿಟ್ಟು, ಮೂತಿಯ ಗೂಟಕ್ಕೆ ಎರಡು ಸುತ್ತು, ಅಡಿಯಿಂದ ಒಂದು ಸುತ್ತು, ಕಾಲು ಕೊಟ್ಟು ಎಳೆದೆ. ಅಪ್ಪ ನೋಡಿದ್ದರೆ ಹಾಗೇ ಬಿಡುತ್ತಿದ್ದರು.

ತಂಗಿ ಬರುವಷ್ಟರಲ್ಲಿ ಕಾಲುವೆಗಳಲ್ಲಿ ನೀರು ಏರುತ್ತಿತ್ತು. ಹಿಂಬದಿಯ ಏಣಿಯಿಂದ ಹತ್ತಿದವಳು ಮುಂದೆ ಹೋಗಿ ನೋಡಲಿಲ್ಲ. ಟೀ ಮಾಡಿದಳು. ಆಗ ನಾನು ಕೈಚೀಲದಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟೆ.

ಅವಳು ಓದಿದಳು. ತನ್ನ ಹೆಸರು, ಹುಟ್ಟಿದ ತಾರೀಖು, ಅನುಭವ ಎಲ್ಲ ನನ್ನ ಅಕ್ಷರದಲ್ಲಿ.

"ಅಮ್ಮ ಹೇಳಿದ್ಲಾ?"

"ಅಮ್ಮನೂ ಹೇಳಿದ್ಲು, ನಾನೂ ಹೇಳ್ತಿದೀನಿ. ಮೂರು ವರ್ಷ ಅಂದಿದ್ದೆ, ಮೂರಾಯ್ತು. ಮನೆ ಹತ್ರಾನೇ ಕೆಲಸ. ನಡ್ಕೊಂಡು ಹೋಗ್ಬಹುದು. ನಿಂಗೆ ಮೇಲಿನ ರೂಮು ಸುಣ್ಣ ಹೊಡೆಸಿದೀನಿ."

"ಇಲ್ಲಿ ನಂಗೆ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದಳು.

"ಇಲ್ಲಿ ಏನು? ದೋಣಿನಾ? ಹಲಸೂರು ಕೆರೇಲಿ ಇಲ್ವಾ ದೋಣಿ?"

ಅವಳು ಕಿಟಕಿಯಾಚೆ ನೋಡಿದಳು. ಆಮೇಲೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದಳು. "ಆಯ್ತು ಅಕ್ಕ. ಪೆನ್ನು ಕೊಡು."

ನಾನು ಗೆದ್ದಿದ್ದೆ. ಪೆನ್ನು ತೆಗೆದು ಅರ್ಜಿಯ ಪಕ್ಕ ಇಟ್ಟೆ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ಕಾಣಿಸಿದರೂ ಕಾಣದವಳ ಹಾಗೆ ಕೂತಿದ್ದೆ. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಪೆನ್ನು ತಾನಾಗಿಯೇ ಉರುಳಿತು. ದೋಣಿ ಮರಳು ಬಿಟ್ಟು ತೇಲಿತ್ತು. ತಂಗಿ ತಲೆ ಎತ್ತಿದಳು. ಲಂಗರು ಹಾಕುವಾಗ ದ್ವೀಪದ ದೀಪಸ್ತಂಭವನ್ನೂ ನೀರಿನಲ್ಲಿದ್ದ ಒಂದು ಕಂಬವನ್ನೂ ಒಂದೇ ಸಾಲಿಗೆ ಗುರುತಿಟ್ಟುಕೊಂಡಿದ್ದಳಂತೆ. ಕಿಟಕಿಯಲ್ಲಿ ಈಗ ಅವೆರಡೂ ಬೇರೆಬೇರೆಯಾಗಿ ಕಂಡವು. ದೂರವೂ ಹೆಚ್ಚುತ್ತಿತ್ತು.

"ನಾವು ಹೋಗ್ತಿದೀವಿ," ಎಂದು ಹೇಳಿ ಮೇಲಕ್ಕೆ ಓಡಿದಳು. ನಾನೂ ಹಿಂದೆಯೇ ಹೋದೆ.

ಸಂಜೆ ಆರು ಗಂಟೆಯ ಬಿಸಿಲು ಚೆನ್ನಾಗಿತ್ತು, ಗಾಳಿ ಮಾತ್ರ ಜೋರಾಗಿತ್ತು. ನಮ್ಮ ಹಿಂದೆ, ದಡ ಕಾಯಲು ಕಟ್ಟಿದ್ದ ಕಲ್ಲಿನ ಕಟ್ಟೆಯೊಂದು ಸಮುದ್ರದೊಳಕ್ಕೆ ಚಾಚಿಕೊಂಡಿತ್ತು. ಕಪ್ಪು ಚೂಪುಗಲ್ಲುಗಳು. ದೋಣಿ ಹಿಮ್ಮುಖವಾಗಿ ನೇರ ಅದರ ಕಡೆಗೇ ಜಾರುತ್ತಿತ್ತು. ಮೂತಿಯಲ್ಲಿ ನನ್ನ ಹಗ್ಗ ತಂತಿಯಂತೆ ಬಿಗಿದು, ಏರಿದ ನೀರಿಗೆ ಲಂಗರು ಎದ್ದು ಮರಳನ್ನು ಗೀರುತ್ತಾ ಬರುತ್ತಿತ್ತು.

ತಂಗಿ ಗಂಟನ್ನು ನೋಡಿದಳು. ಯಾರು ಕಟ್ಟಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಭೂಮಿಯ ಮೇಲೆ ಆ ಗಂಟು ಹಾಕುವವರು ಉಳಿದಿರುವುದು ಇಬ್ಬರೇ.

"ಅಕ್ಕಾ!" ಎಂದಳು. ಅದರಲ್ಲಿ ಬೈಗುಳ ಪೂರ್ತಿ ಇತ್ತು.

ಗಂಟು ಬಿಚ್ಚಲು ಕೂತಳು. ಎಳೆತಕ್ಕೆ ಅದು ಕಲ್ಲಾಗಿತ್ತು. ನಾನು ಸಹಾಯ ಮಾಡಬೇಕೆಂದು ಮುಂದಿನ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಟಕಟೆಗೆ ಕಾಲು ಕೊಟ್ಟು, ದೋಣಿಯನ್ನೇ ಮುಂದಕ್ಕೆ ಎಳೆದುಕೊಳ್ಳುತ್ತೇನೆ ಎಂಬಂತೆ ಜಗ್ಗಿದೆ. ಅದರಿಂದ ಎಳೆತ ಒಂದಿಷ್ಟು ತಗ್ಗಿ, ಅವಳು ಉಗುರು ಮುರಿದುಕೊಂಡು ಗಂಟು ಬಿಚ್ಚಿದಳು.

"ಈಗ ಬಿಡು."

ನಾನು ಬಿಡಲಿಲ್ಲ. ಹೇಗೆ ಬಿಡಲಿ? ಹಿಂದೆ ಕಲ್ಲು ಕಾಣುತ್ತಿದೆ, ಹಗ್ಗ ಬಿಟ್ಟರೆ ದೋಣಿ ಇನ್ನೂ ಅದರ ಹತ್ತಿರ ಹೋಗುತ್ತದೆ. ಅಂಗೈ ಉರಿಯುತ್ತಿತ್ತು, ಆದರೂ ಹಿಡಿದಿದ್ದೆ.

"ಬಿಡು ಅಕ್ಕ! ಹಿಡ್ಕೊಂಡ್ರೆ ಲಂಗರು ಎದ್ದು ಎದ್ದು ಬರುತ್ತೆ. ಉದ್ದ ಬಿಟ್ರೆ ಮಲಗುತ್ತೆ, ಮಲಗಿದ್ರೇನೇ ಕಚ್ಕೊಳ್ಳೋದು. ನನ್ನ ನಂಬು, ಬಿಟ್ಬಿಡು!"

ಅವಳು ನನಗೆ ಆಜ್ಞೆ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ನಾನು ಕೈ ಬಿಟ್ಟೆ.

ಹಗ್ಗ ಸರ್ರನೆ ಹೋಯಿತು. ದೋಣಿ ಹಿಂದಕ್ಕೆ ಧಾವಿಸಿತು. ತಂಗಿ ಗೂಟಕ್ಕೆ ಒಂದು ಸುತ್ತು ಹಾಕಿ, ಕೈಯಲ್ಲಿ ಸಡಿಲ ಹಿಡಿದು ಹೋಗಲು ಬಿಡುತ್ತಾ ಗಟ್ಟಿಯಾಗಿ ಎಣಿಸುತ್ತಿದ್ದಳು. ಎಂಟು, ಒಂಬತ್ತು, ಹತ್ತು. ನಾನು ಕಲ್ಲುಗಳನ್ನೇ ನೋಡುತ್ತಿದ್ದೆ. ಅವುಗಳ ಮೇಲಿನ ಚಿಪ್ಪುಗಳು ಒಂದೊಂದಾಗಿ ಕಾಣಿಸತೊಡಗಿದವು. ಹದಿಮೂರು, ಹದಿನಾಲ್ಕು. ಅಪ್ಪಾ ಅಂದೆ. ಹದಿನೈದಕ್ಕೆ ಅವಳು ಇನ್ನೆರಡು ಸುತ್ತು ಹಾಕಿ ನಿಲ್ಲಿಸಿದಳು. ಹಗ್ಗ ನಿಧಾನವಾಗಿ ಬಿಗಿಯಿತು, ದೋಣಿ ಒಮ್ಮೆ ಮುಗ್ಗರಿಸಿದಂತಾಗಿ ಗಾಳಿಗೆ ಮುಖ ತಿರುಗಿಸಿ ನಿಂತಿತು. ಕಲ್ಲಿಗೂ ನಮಗೂ ನಡುವೆ ಎರಡು ಸಿಟಿ ಬಸ್ ನಿಲ್ಲಿಸುವಷ್ಟು ಜಾಗ ಉಳಿದಿತ್ತು.

ಆಮೇಲೆ ಅವಳು ಎಂಜಿನ್ ಶುರುಮಾಡಿ, ಲಂಗರು ಎತ್ತಿ, ದೋಣಿಯನ್ನು ಮೊದಲಿದ್ದ ಜಾಗಕ್ಕಿಂತ ಆಚೆಗೆ ಒಯ್ದು ಮತ್ತೆ ಹಾಕಿದಳು. ನಾನು ಅವಳು ಹೇಳಿದ ಕಡೆ ಕೂತು, ಹೇಳಿದ ಹಗ್ಗ ಹಿಡಿದು, ಹೇಳಿದಾಗ ಬಿಟ್ಟೆ. ದೀಪಸ್ತಂಭ, ಕಂಬ ಎರಡನ್ನೂ ಅವಳು ಹತ್ತು ನಿಮಿಷ ನೋಡುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಹೆದರಿಕೆಯಿತ್ತು, ಆದರೂ ಅಲ್ಲಿಂದ ಕದಲಲಿಲ್ಲ.

"ಕ್ಷಮಿಸು," ಎಂದೆ. ಅದು ನನ್ನ ಬಾಯಿಂದ ಸಲೀಸಾಗಿ ಬರುವ ಮಾತಲ್ಲ.

"ನಂದೂ ತಪ್ಪಿದೆ. ಬಂದ ತಕ್ಷಣ ಮುಂದೆ ಹೋಗಿ ನೋಡ್ಬೇಕಿತ್ತು. ನಾಳೆ ಅವ್ರಿಗೆ ಎಲ್ಲಾ ಹೇಳ್ಬೇಕು." ಸ್ವಲ್ಪ ಹೊತ್ತಾದ ಮೇಲೆ ನಕ್ಕಳು. "ಅಪ್ಪನ ಗಂಟು ನೋಡಿ ಎಷ್ಟು ವರ್ಷ ಆಗಿತ್ತು. ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ ಕಣೇ."

ಇಬ್ಬರೂ ಅತ್ತೆವು. ಗಾಳಿಗೆ ಕೂತು ಚೆನ್ನಾಗಿ ಅತ್ತು, ಮೂಗು ಒರೆಸಿಕೊಂಡು, ತಣ್ಣಗಾಗಿದ್ದ ಟೀಯನ್ನೇ ಕುಡಿದೆವು. ಅರ್ಜಿ ನೆಲದ ಮೇಲೆ ಬಿದ್ದು ಒಂದು ಮೂಲೆ ನೆನೆದಿತ್ತು. ಅವಳು ಅದನ್ನು ಎತ್ತಿ ಪೆನ್ನಿಗಾಗಿ ಹುಡುಕತೊಡಗಿದಳು. ಹೇಳಿದ ಮಾತಿಗೆ ತಪ್ಪುವವಳಲ್ಲ ಅವಳು.

ನಾನು ಅರ್ಜಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.

"ನಿಂಗೇನು ಬೇಕು?" ಎಂದು ಕೇಳಿದೆ. ನಲವತ್ತೆರಡು ವರ್ಷದ ನಾನು ಮೂವತ್ತು ತುಂಬಿದ ತಂಗಿಯನ್ನು ಈ ಪ್ರಶ್ನೆ ಒಮ್ಮೆಯೂ ಕೇಳಿರಲಿಲ್ಲ ಎಂಬುದು ಕೇಳಿದ ಮೇಲೆಯೇ ಹೊಳೆಯಿತು.

ಅವಳಿಗೂ ಅಭ್ಯಾಸವಿರಲಿಲ್ಲ. ತಡವರಿಸುತ್ತಾ ಒಂದೊಂದಾಗಿ ಹೇಳಿದಳು. ಇಲ್ಲಿರಬೇಕು ಅಂದಳು. ತನ್ನ ವಿಭಾಗದ ಮುದುಕ ಮುದುಕಿಯರು ತನಗಾಗಿ ಬೆಳಿಗ್ಗೆ ಕಾಯುತ್ತಾರೆ, ಕೆಲಸ ತನಗೆ ಬರುತ್ತದೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿದೆ ಅಂದಳು. ಮುಂದಿನ ವರ್ಷ ತಾನೇ ಈ ದೋಣಿಯನ್ನು ದ್ವೀಪದ ಆಚೆಯವರೆಗೆ ಒಯ್ಯಬೇಕು ಅಂದಳು. ಚಳಿಗಾಲದಲ್ಲಿ ಒಂದು ತಿಂಗಳು ಮನೆಗೆ ಬರಬೇಕು, ಅಮ್ಮನ ಪಕ್ಕ ಕೂತು ಹೂ ಕಟ್ಟಬೇಕು, ಆದರೆ ಹೊರಡುವಾಗ ಯಾರೂ ಮುಖ ತಿರುಗಿಸಬಾರದು ಅಂದಳು.

"ಅಮ್ಮನಿಗೆ ಏನು ಹೇಳ್ತೀಯ?" ಎಂದು ಕೊನೆಗೆ ಕೇಳಿದಳು.

"ನಾನು ನೋಡ್ಕೋತೀನಿ," ಅಂದೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಬಹಳ ವರ್ಷಗಳ ನಂತರ ಎದೆ ಹಗುರಾಗಿತ್ತು. ಸೋಮವಾರ ಅವಳು ಆಶ್ರಮಕ್ಕೆ ಹೋಗಿ ಒಪ್ಪಿಗೆ ಹೇಳಿ ಬಂದಳು, ನಾನು ಮನೆಯಲ್ಲಿ ಪಾಯಸ ಮಾಡಿದ್ದೆ.

ಅಮ್ಮ ಮಾತ್ರ ನಾನಂದುಕೊಂಡಷ್ಟೇ ಕಷ್ಟವಾದಳು. ಸಹಿಯಿಲ್ಲದ ಅರ್ಜಿಯನ್ನು ಎದುರಿಗಿಟ್ಟಾಗ ಒಮ್ಮೆ ನೋಡಿ, "ಕರ್ಕೊಂಡು ಬಾ ಅಂದ್ರೆ ಬಿಟ್ಟು ಬಂದ್ಯಾ?" ಎಂದಳು. ಅಷ್ಟೇ. ಎರಡು ವಾರ ನನ್ನೊಡನೆ ಗೋಡೆಯ ಮೂಲಕ ಮಾತಾಡಿದಳು. ಅನ್ನ ಇದೆ ಎಂದು ಗೋಡೆಗೆ ಹೇಳುತ್ತಿದ್ದಳು, ನಾನು ಬಡಿಸಿಕೊಳ್ಳುತ್ತಿದ್ದೆ. ತಂಗಿಯ ಫೋನ್ ಬಂದರೆ ಕೈಯಲ್ಲಿ ಕೆಲಸವಿದೆ ಅನ್ನುತ್ತಿದ್ದಳು. ನಾನು ಪಟ್ಟು ಬಿಡದೆ ಒಂದು ಸಂಜೆ ಲಂಗರಿನ ಕಥೆಯನ್ನೆಲ್ಲ ಹೇಳುತ್ತಾ ಅವಳ ಹೂವಿನ ದಾರದ ಉಂಡೆಯನ್ನೇ ತೆಗೆದುಕೊಂಡು, ತುದಿಗೆ ಅಡುಗೆಮನೆಯ ಬೀಗ ಕಟ್ಟಿ, ನೆಲದ ಮೇಲೆ ಎಳೆದು ತೋರಿಸಿದೆ. ಗಿಡ್ಡ ಹಿಡಿದು ಎಳೆದರೆ ಬೀಗ ಎದ್ದು ಎದ್ದು ಬಂತು. ಉದ್ದ ಬಿಟ್ಟು ಎಳೆದರೆ ಚಾಪೆಯ ಅಂಚಿಗೆ ಕಚ್ಚಿಕೊಂಡು ಕೂತಿತು. ಅಮ್ಮ ನೋಡಿದಳು. ದಾರ ಹಾಳುಮಾಡಬೇಡ ಎಂದು ಕಿತ್ತುಕೊಂಡಳು. ಗೋಡೆಗಲ್ಲ, ನೇರವಾಗಿ ನನಗೇ ಹೇಳಿದಳು.

ಅದಾದ ಮೇಲಿನ ಭಾನುವಾರ ನಾನು ಹೂವಿನ ಬುಟ್ಟಿಯ ಪಕ್ಕ ಕೂತಿದ್ದೆ. ಕಾಕಡ ಹೂವಿಗೆ ಒಳ್ಳೆ ವ್ಯಾಪಾರವಿತ್ತು. ಮಾಮೂಲಿನ ಒಬ್ಬರು ಬಂದು ಎರಡು ಮೊಳ ಕೇಳಿ, "ಇವತ್ತಾದ್ರೂ ಒಂಚೂರು ಕೊಸರು ಹಾಕಮ್ಮಾ" ಅಂದರು. "ನನ್ ಕೈ ಇರೋದೇ ಇಷ್ಟುದ್ದ ಕಣವ್ವಾ" ಎಂದು ಅಮ್ಮ ಎಂದಿನಂತೆ ಅಳೆದು ಕಚಕ್ಕೆಂದು ಕತ್ತರಿಸಿದಳು. ಅಷ್ಟರಲ್ಲಿ ತಂಗಿಯ ವಿಡಿಯೋ ಕಾಲ್ ಬಂತು. ದೋಣಿಯ ಮೇಲಿದ್ದಳು, ಕೂದಲೆಲ್ಲ ಮುಖಕ್ಕೆ ಬಡಿಯುತ್ತಿತ್ತು.

"ಅಕ್ಕಾ, ಇವತ್ತು ನಾನೇ ತಂದಿದೀನಿ. ಅವ್ರು ಕೂತು ನೋಡಿದ್ರು ಅಷ್ಟೇ. ಅದೇ ಜಾಗ, ಈಗಷ್ಟೇ ಲಂಗರು ಹಾಕಿದೆ."

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ತುಂಬ ಹತ್ತಿರ ಹಿಡಿದಳು, ತಂಗಿಗೆ ಬರೀ ಹಣೆ ಕಂಡಿರಬೇಕು.

"ಅಲ್ಲಿ ನೀರು ಎಷ್ಟಿದೆ?" ಎಂದು ಕೇಳಿದಳು.

"ಈಗ ಎದೆಮಟ್ಟ ಅಮ್ಮ. ಆಮೇಲೆ ಇನ್ನೂ ಏರುತ್ತೆ, ಒಂದಾಳಿನ ಮೇಲೆ."

"ಎಷ್ಟು ಮಾರು ಬಿಟ್ಟಿದೀಯ?"

"ಹದಿನೈದು."

ಅಮ್ಮ ತನ್ನ ಎಡಗೈ ಕಡೆ ನೋಡಿಕೊಂಡಳು. ಮೂವತ್ತು ವರ್ಷ ಹೂ ಅಳೆದ ಕೈ.

"ಇನ್ನೆರಡು ಮಾರು ಬಿಡು," ಎಂದಳು. "ಕೊಸರಿಗೆ ಇರ್ಲಿ."

ಎರಡು ಮೊಳ ಕೊಂಡವರು ಚಿಲ್ಲರೆಗೆ ಕೈ ಚಾಚಿಕೊಂಡು ಹಾಗೇ ನಿಂತಿದ್ದರು. ತಂಗಿ ಫೋನನ್ನು ಎಲ್ಲೋ ಒರಗಿಸಿಟ್ಟು ಮೂತಿಯ ಕಡೆ ಹೋದಳು. ಹಗ್ಗ ಹಿಡಿದು ಎರಡೂ ಕೈ ಅಗಲಕ್ಕೆ ಚಾಚಿದಳು. ಒಂದು, ಎಂದಳು ಅಮ್ಮ, ಇಲ್ಲಿಂದಲೇ. ತಂಗಿ ಬಿಟ್ಟಳು. ಮತ್ತೆ ಚಾಚಿದಳು. ಎರಡು.